ಸೊನ್ನೆ ನೈಟ್ರೇಟ್, ಸೊರಗಿದ ಹವಳ: ಒಂದು ಟ್ಯಾಂಕಿನ ಹದಿನಾಲ್ಕು ತಿಂಗಳು

ಹವಳ ಬೆಳೆಸುವ ಈ ಉಪ್ಪುನೀರಿನ ಟ್ಯಾಂಕ್ ಇರುವುದು ಅಮೆರಿಕದ ನ್ಯೂಜೆರ್ಸಿಯ ಒಂದು ಮನೆಯ ನೆಲಮಾಳಿಗೆಯಲ್ಲಿ. ಮೇಲಿನ ಗಾಜಿನ ಟ್ಯಾಂಕ್, ನೀರು ಶುದ್ಧಮಾಡುವ ಉಪಕರಣಗಳಿರುವ ಕೆಳಗಿನ ಸಂಪ್ ಎರಡೂ ಸೇರಿ, ಕಲ್ಲು ಮರಳು ಹಿಡಿದ ಜಾಗ ಬಿಟ್ಟು, ಒಟ್ಟು ನೀರು 200 ಲೀಟರ್. ಇದು ಗಾಜಿನ ಉದ್ದ ಅಗಲ ಗುಣಿಸಿ ತೆಗೆದ ಲೆಕ್ಕವಲ್ಲ, ತುಂಬುವಾಗ 20 ಲೀಟರ್ ಬಕೆಟ್ ಎಣಿಸಿ ಸಿಕ್ಕ ಲೆಕ್ಕ. ಮುಂದೆ ಹಾಕುವ ಒಂದೊಂದು ಗ್ರಾಮೂ ಇದರ ಮೇಲೆ ನಿಂತಿದೆ. ಹಾಗಾಗಿ ಮೊದಲ ದಿನವೇ ಬಕೆಟ್ ಎಣಿಸಿ ಎಲ್ಲಾದರೂ ಬರೆದಿಟ್ಟುಕೊಳ್ಳಿ. ತುಂಬಿದ ಮೇಲೆ ಇದನ್ನು ಕಂಡುಹಿಡಿಯುವುದು ಕಷ್ಟ.

ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರಿಗೆ ಒಂದು ಮಾತು ಮೊದಲೇ ಹೇಳಬೇಕು. ಭಾರತದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಒಂದು ತುಂಡು ಹವಳದ ಕಲ್ಲು ಎತ್ತಿ ತಂದರೂ ಅಪರಾಧ. ಇಲ್ಲಿ ಬರುವ ಹವಳಗಳೆಲ್ಲ ಟ್ಯಾಂಕಿನಲ್ಲೇ ಬೆಳೆಸಿ, ಕತ್ತರಿಸಿ ಮಾರುವ ತುಂಡುಗಳು. ಊರಿನಲ್ಲಿ ಬರೀ ಸಮುದ್ರದ ಮೀನು ಸಾಕುವವರಿಗೂ ನೀರಿನ ಲೆಕ್ಕಾಚಾರ ಮಾತ್ರ ಇದೇ.

ಕಲ್ಲು 18 ಕಿಲೋ, ಪೂರ್ತಿ ಒಣ ಕಲ್ಲು. ಮರಳು ಅರಗೊನೈಟ್ ಎಂಬ ಸುಣ್ಣದ ಮರಳು, 3 ಸೆಂಟಿಮೀಟರ್ ದಪ್ಪ. ನೀರು ಆರ್‌ಒ ಆದ ಮೇಲೆ ಉಳಿದ ಲವಣ ಹೀರುವ ಡಿಐ ರೆಸಿನ್‌ನಿಂದಲೂ ಹಾಯ್ದದ್ದು, ಟಿಡಿಎಸ್ ಸೊನ್ನೆ. ಲೀಟರಿಗೆ ಸುಮಾರು 36 ಗ್ರಾಂ ಉಪ್ಪು ಹಾಕಿದಾಗ ಉಪ್ಪಿನಂಶ 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಪಾಲು, ಬಂತು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು, 35 ಪಿಪಿಟಿ ಮಾಪನ ದ್ರಾವಣದಲ್ಲಿ ಸರಿಮಾಡಬೇಕು. ಸೊನ್ನೆಯಲ್ಲಿ ಸರಿಯಿದ್ದ ಉಪಕರಣವೇ 35ರ ಹತ್ತಿರ ಎರಡು ಮೂರು ಅಂಕ ತಪ್ಪಾಗಿ ತೋರಿಸುವುದುಂಟು.

ಸೈಕಲ್ ಎಂದರೆ ಮೀನಿನ ಕೊಳೆಯಿಂದ ಬರುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳನ್ನು ಬೆಳೆಸುವುದು. ಅದಕ್ಕೆ ಮೀನು ಬಿಡಲಿಲ್ಲ. 1.25 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ 200 ಲೀಟರಿನಲ್ಲಿ ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ, ಆಗುತ್ತದೆ. ಜೊತೆಗೆ ಬಾಟಲಿಯ ಬ್ಯಾಕ್ಟೀರಿಯಾ ಹಾಕಿದೆವು. ಈ ಅಮೋನಿಯಾವನ್ನು ನೈಟ್ರೈಟ್ ಮಾಡುವುದು ಬ್ಯಾಕ್ಟೀರಿಯಾ ಮಾತ್ರ ಎಂದೇ ಬಹಳ ಕಾಲ ತಿಳಿದಿದ್ದರು. 2005ರಲ್ಲಿ ಬ್ಯಾಕ್ಟೀರಿಯಾದಿಂದ ಬೇರೆಯಾದ ಆರ್ಕಿಯಾ ಎಂಬ ಏಕಕೋಶ ಗುಂಪಿನ ಜೀವಿಯೊಂದು, ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್, ಇದೇ ಕೆಲಸ ಮಾಡುತ್ತದೆಂದು ಗೊತ್ತಾಯಿತು. ಅದು ಸಿಕ್ಕಿದ್ದು ನಡುಗಡಲಿನಲ್ಲಲ್ಲ, ಸಿಯಾಟಲ್ ಅಕ್ವೇರಿಯಂನ ಒಂದು ಟ್ಯಾಂಕಿನಲ್ಲಿ. ಟ್ಯಾಂಕ್ ಸಾಕುವವರಿಗೆ ಇದಕ್ಕಿಂತ ಖುಷಿಯ ಸುದ್ದಿ ಕಡಿಮೆ.

ಹದಿನೈದನೆಯ ದಿನ ನೈಟ್ರೇಟ್ ಕಿಟ್ 50 ಪಿಪಿಎಂ ತೋರಿಸಿತು. ಅದು ಸುಳ್ಳು. 2 ಪಿಪಿಎಂ ಅಮೋನಿಯಾ ಪೂರ್ತಿ ನೈಟ್ರೇಟ್ ಆದರೂ 7.3 ಪಿಪಿಎಂ ದಾಟಲು ಸಾಧ್ಯವಿಲ್ಲ. ನೀರಿನಲ್ಲಿ ನೈಟ್ರೈಟ್ ಉಳಿದಿದ್ದರೆ ಕಿಟ್ ಅದನ್ನೇ ನೈಟ್ರೇಟ್ ಎಂದು ಹಲವು ಪಟ್ಟು ಹೆಚ್ಚಿಸಿ ತೋರಿಸುತ್ತದೆ. ಈ ಅಂಕಿ ನೋಡಿ ಹೆದರಿ ಅರ್ಧ ನೀರು ಚೆಲ್ಲುವವರಿದ್ದಾರೆ. ನೈಟ್ರೈಟ್ ಸೊನ್ನೆಗೆ ಬರುವವರೆಗೆ ನೈಟ್ರೇಟ್ ಅಳೆಯುವ ಗೋಜಿಗೇ ಹೋಗಬೇಡಿ. ಉಪ್ಪುನೀರಿನಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ನೈಟ್ರೈಟ್ ಸಿಹಿನೀರಿನಷ್ಟು ವಿಷವೂ ಅಲ್ಲ.

ಆರನೆಯ ವಾರ ಒಂದು ಜೊತೆ ಕ್ಲೌನ್ ಮೀನು ಬಂದವು. ಎಂಟನೆಯ ವಾರ ಜೊಆಂಥಿಡ್, ಹ್ಯಾಮರ್, ಮೊಂಟಿಪೊರಾ ಎಂಬ ಹವಳ ಜಾತಿಗಳ ತುಂಡುಗಳು ಬಂದವು. ಮರಳಿನ ಮೇಲೆ ಡಯಾಟಮ್ ಎಂಬ ಕಂದು ಏಕಕೋಶ ಪಾಚಿ ಬಂದು ಹೋಯಿತು. ಅದು ಎಲ್ಲ ಹೊಸ ಟ್ಯಾಂಕಿಗೂ ಬರುವುದೇ. ಸಂಪಿನಲ್ಲಿ ಗಾಳಿಗುಳ್ಳೆಯ ನೊರೆಯಿಂದ ಕೊಳೆ ತೆಗೆಯುವ ಸ್ಕಿಮ್ಮರ್, ಅದರ ಪಕ್ಕ ನೈಟ್ರೇಟ್ ಫಾಸ್ಫೇಟ್ ಹೀರಿ ಬೆಳೆಯುವ ಕೀಟೊಮಾರ್ಫಾ (ಕೀಟೊ) ಪಾಚಿ, ಫಾಸ್ಫೇಟ್ ಹೀರಲು ಜಿಎಫ್‌ಒ, ಅಂದರೆ ಕಬ್ಬಿಣದ ಆಕ್ಸೈಡಿನ ಹರಳು, ಮೂರೂ ಮೊದಲ ದಿನದಿಂದಲೇ ನಡೆಯುತ್ತಿದ್ದವು. ಹತ್ತನೆಯ ವಾರ ನೈಟ್ರೇಟ್ 0, ಫಾಸ್ಫೇಟ್ 0.00.

ಎಡವಿದ್ದು ಇಲ್ಲೇ. ಸೊನ್ನೆ ಎಂದರೆ ಶುದ್ಧ ಅನ್ನಿಸುತ್ತದೆ, ಹವಳಕ್ಕೆ ಮಾತ್ರ ಅದು ಉಪವಾಸ. ಮೊಂಟಿಪೊರಾದ ಕಡು ಕೆಂಪು ಎರಡೇ ವಾರದಲ್ಲಿ ತೊಳೆದ ಬಟ್ಟೆಯ ಹಾಗೆ ಮಾಸಿತು. ಹ್ಯಾಮರಿನ ಗ್ರಹಣಾಂಗಗಳು ಮೊದಲಿನ ಅರ್ಧಕ್ಕಿಂತ ಹೆಚ್ಚು ಚಾಚುತ್ತಿರಲಿಲ್ಲ.

ಹವಳದ ಮೈಯೊಳಗಿನ ಏಕಕೋಶ ಪಾಚಿ, ಜೂಜಾಂಥೆಲೆ, ಬೆಳಕಿನಿಂದ ಸಕ್ಕರೆ ತಯಾರಿಸಿ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಆದರೆ ಸಕ್ಕರೆಯಿಂದ ಮೈ ಕಟ್ಟಲಾಗದು. ಪ್ರೋಟೀನಿಗೆ ಸಾರಜನಕ ಬೇಕು. ಡಿಎನ್‌ಎಗೂ ಜೀವಕೋಶದ ಪೊರೆಗೂ ರಂಜಕ ಬೇಕು. ಕಿಟ್ ಅಳೆಯುವ ನೈಟ್ರೇಟಿನಲ್ಲಿ ಸಾರಜನಕ, ಫಾಸ್ಫೇಟಿನಲ್ಲಿ ರಂಜಕ ಇದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ತುಂಬ ಹತ್ತಿರದ್ದು: ನೀರಿನಲ್ಲಿ ನೈಟ್ರೇಟ್ ಇದ್ದು ಫಾಸ್ಫೇಟ್ ಇಲ್ಲದಿದ್ದರೆ ಒಳಗಿನ ಪಾಚಿಯ ಪೊರೆ ಬಲ ಕಳೆದುಕೊಳ್ಳುತ್ತದೆ, ಬಿಸಿಲು ಬಿಸಿ ತಡೆಯಲಾಗದೆ ಹವಳ ಬೇಗ ಬಿಳಿಚಿಕೊಳ್ಳುತ್ತದೆ. ಎರಡರಲ್ಲಿ ಫಾಸ್ಫೇಟ್ ಬರಿದಾಗುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹಾಗಾದರೆ ಸಮುದ್ರದ ಹವಳದ ದಿಬ್ಬದಲ್ಲಿ ನೈಟ್ರೇಟ್ ಫಾಸ್ಫೇಟ್ ಅಷ್ಟು ಕಡಿಮೆ ಇದ್ದರೂ ಹವಳ ಹೇಗೆ ಕೊಬ್ಬುತ್ತದೆ? ಅಲ್ಲಿ ಪ್ರಮಾಣ ಕಡಿಮೆ, ಹರಿವು ಹೆಚ್ಚು. ಹಗಲು ರಾತ್ರಿ ಪ್ರವಾಹ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು, ತಂದು ಸುರಿಯುತ್ತದೆ. ಹವಳದ ಕೊಂಬೆಗಳ ನಡುವೆ ಮಲಗುವ ಮೀನು ಅಲ್ಲೇ ಅಮೋನಿಯಾ ಬಿಡುತ್ತದೆ, ಹವಳ ಅದನ್ನು ನೇರ ಹೀರುತ್ತದೆ. ಟೆಸ್ಟ್ ಕಿಟ್ ತೋರಿಸುವುದು ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು. ಎಷ್ಟು ಬೇಯಿಸಿದರು, ಎಷ್ಟು ಉಂಡರು ಎಂಬುದು ಅದರಿಂದ ಗೊತ್ತಾಗದು. ಅದಕ್ಕೇ ಟ್ಯಾಂಕಿಗೆ ಜಮಾ-ಖರ್ಚು ಬರೆಯಬೇಕು.

ಜಮಾ ಕಡೆ ಇರುವುದು ಮುಖ್ಯವಾಗಿ ಮೀನಿನ ಆಹಾರ. ಒಣ ಪೆಲೆಟ್‌ನಲ್ಲಿ ಪ್ರೋಟೀನ್ 45 ಶೇಕಡಾ, ರಂಜಕ 1 ಶೇಕಡಾ ಎಂದಿಟ್ಟುಕೊಳ್ಳಿ. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ ಸಿಗುತ್ತದೆ: 1 ಗ್ರಾಂ ಆಹಾರಕ್ಕೆ 72 ಮಿಲಿಗ್ರಾಂ. ಇದು ಪೂರ್ತಿ ಕೊಳೆತರೆ ಸುಮಾರು 319 ಮಿಲಿಗ್ರಾಂ ನೈಟ್ರೇಟ್, 200 ಲೀಟರಿನಲ್ಲಿ 1.6 ಪಿಪಿಎಂ. ರಂಜಕ 10 ಮಿಲಿಗ್ರಾಂ, ಅಂದರೆ 30.7 ಮಿಲಿಗ್ರಾಂ ಫಾಸ್ಫೇಟ್, 0.15 ಪಿಪಿಎಂ. ನೈಟ್ರೇಟ್ ಫಾಸ್ಫೇಟಿನ ಹತ್ತು ಪಟ್ಟು. ಸಮುದ್ರದ ನೀರಿನಲ್ಲೂ ಪ್ಲಾಂಕ್ಟನ್‌ನಲ್ಲೂ ಕಾಣುವ, ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಹೆಸರಿನ, ಸಾರಜನಕ-ರಂಜಕದ 16:1 ಪರಮಾಣು ಅನುಪಾತವನ್ನು ಕಿಟ್ ಅಳೆಯುವ ತೂಕಕ್ಕೆ ತಿರುಗಿಸಿದರೆ 10.4:1. ಆಹಾರವೂ ಜೀವಿಯ ಮೈಯಿಂದಲೇ ಬಂದದ್ದಾದ್ದರಿಂದ ಎರಡೂ ಹತ್ತಿರ ಹತ್ತಿರ ಬರುವುದರಲ್ಲಿ ಆಶ್ಚರ್ಯವಿಲ್ಲ.

ಈಗ ಖರ್ಚು. ದಿನಕ್ಕೆ ಅರ್ಧ ಗ್ರಾಂ ಹಾಕಿದರೆ ವಾರಕ್ಕೆ 5.6 ಪಿಪಿಎಂ ನೈಟ್ರೇಟ್ ಬರುತ್ತದೆ. ವಾರಕ್ಕೊಮ್ಮೆ 10 ಶೇಕಡಾ ನೀರು ಬದಲಿಸುವುದೊಂದೇ ದಾರಿ ಆಗಿದ್ದರೆ, ಹೋದದ್ದೂ ಬಂದದ್ದೂ ಸಮ ಆಗಬೇಕಾದರೆ ಟ್ಯಾಂಕಿನಲ್ಲಿ 56 ಪಿಪಿಎಂ ಇರಬೇಕು. ಅದರ ಹತ್ತನೆಯ ಒಂದು ಪಾಲು 5.6. ಫಾಸ್ಫೇಟ್ ಇದೇ ಲೆಕ್ಕದಲ್ಲಿ 5.4 ಪಿಪಿಎಂಗೆ ಹೋಗಿ ನಿಲ್ಲುತ್ತದೆ. ನೀರು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಈ ಎರಡು ಸಾಲಿನ ಗಣಿತದ ಮುಂದೆ ನಿಲ್ಲುವುದಿಲ್ಲ. ನೀರು ಬದಲಿಸುವುದು ಸಣ್ಣಪುಟ್ಟ ಖನಿಜಗಳಿಗೆ ಒಳ್ಳೆಯದು. ನಿಜವಾದ ಖರ್ಚು ನಡೆಯುವುದು ಸ್ಕಿಮ್ಮರ್, ಪಾಚಿ, ಬ್ಯಾಕ್ಟೀರಿಯಾ ಮತ್ತು ಹವಳದ ಮೂಲಕ.

ಸಾರಜನಕಕ್ಕೆ ಇನ್ನೊಂದು ಬಾಗಿಲಿದೆ. ಕಲ್ಲಿನ ಒಳಗೆ ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲ ಮಾಡುತ್ತದೆ, ಅದು ಗುಳ್ಳೆಯಾಗಿ ಗಾಳಿಗೆ ಹೋಗುತ್ತದೆ. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ಬರೀ ಜೀವಂತ ಕಲ್ಲು (ಸಮುದ್ರದಿಂದ ಜೀವಿಗಳ ಸಮೇತ ತಂದ ಕಲ್ಲು) ಮತ್ತು ಗಾಳಿಗುಳ್ಳೆಯಿಂದ ಟ್ಯಾಂಕ್ ನಡೆಸುವುದನ್ನು ಬರೆದು ತೋರಿಸಿದ್ದರ ಹಿಂದೆ ಇದೂ ಇತ್ತು. ರಂಜಕಕ್ಕೆ ಅಂಥ ಬಾಗಿಲಿಲ್ಲ. ಅದು ಅನಿಲ ಆಗುವುದಿಲ್ಲ. ಕೈಯಿಂದ ಹೊರಗೆ ತೆಗೆಯಬೇಕು, ಇಲ್ಲವೇ ಅದು ಕಲ್ಲು ಮರಳಿಗೆ ಅಂಟಿಕೊಳ್ಳುತ್ತದೆ. ಹಳೆಯ ಟ್ಯಾಂಕುಗಳಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ 0.3 ಎಂಬ ವಿಚಿತ್ರ ಜೋಡಿ ಕಾಣುವುದು ಇದರಿಂದಲೇ. ಹೊಸ ಒಣ ಕಲ್ಲಿನಲ್ಲಿ ಇದಕ್ಕೆ ತದ್ವಿರುದ್ಧ. ಅಂಟಲು ಜಾಗ ಬೇಕಾದಷ್ಟು, ಹಾಕಿದ ಫಾಸ್ಫೇಟೆಲ್ಲ ಕಲ್ಲಿನ ಪಾಲು.

ಹನ್ನೊಂದನೆಯ ವಾರ ಮರಳಿನ ಮೇಲೆ, ಕಲ್ಲಿನ ಅಂಚಿನಲ್ಲಿ ಕಂದು ಲೋಳೆ ಬಂತು. ಸಿಂಬಳದ ಹಾಗೆ ಎಳೆ ಎಳೆ, ಎಳೆಯ ತುದಿಯಲ್ಲಿ ಒಂದೊಂದು ಗಾಳಿಗುಳ್ಳೆ. ಬೆಳಿಗ್ಗೆ ಕಡಿಮೆ, ಸಂಜೆಗೆ ದಟ್ಟ. ಬಸವನಹುಳುಗಳು ಮಗುಚಿ ಬೀಳತೊಡಗಿದವು. ಪರೀಕ್ಷೆ ಸುಲಭ: ಲೋಳೆಯನ್ನು ಸಣ್ಣ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ತಿಳಿನೀರನ್ನು ಬೆಳಕಿನಲ್ಲಿ ಇಟ್ಟೆವು. ಒಂದು ಗಂಟೆಯಲ್ಲಿ ಆ ತಿಳಿಯಲ್ಲೇ ಮತ್ತೆ ಎಳೆ ಕೂಡಿತು. ಇದು ಡೈನೊಫ್ಲಾಜೆಲೇಟ್ (ಡೈನೊ) ಎಂಬ ಏಕಕೋಶ ಜೀವಿ ಎಂಬುದು ಖಚಿತವಾಯಿತು.

ಇದರಲ್ಲಿ ಜಾತಿ ಗೊತ್ತಾಗದೆ ಮದ್ದು ಮಾಡಬಾರದು. 400 ಪಟ್ಟು ತೋರಿಸುವ ಸಾಧಾರಣ ಮೈಕ್ರೊಸ್ಕೋಪ್ ಸಾಕು. ಒಂದು ಹನಿಯಲ್ಲಿ ಕಂಡದ್ದು ಹುಣಸೆಬೀಜ ಕಂದು, ಒಂದು ತುದಿ ಚೂಪಾದ ಕಣ್ಣೀರ ಹನಿಯಾಕಾರದ ಕೋಶಗಳು; ಚೂಪಾದ ತುದಿಯನ್ನು ಗೂಟಕ್ಕೆ ಕಟ್ಟಿದಂತೆ ಅಲ್ಲೇ ಗಿರಗಿರ ಸುತ್ತುತ್ತಿದ್ದವು. ಇದು ಆಸ್ಟ್ರಿಯಾಪ್ಸಿಸ್. ರಾತ್ರಿ ಕಲ್ಲು ಬಿಟ್ಟು ನೀರಿಗೆ ಇಳಿಯುತ್ತದೆ, ಹಾಗಾಗಿ ಹಾಯುವ ನೀರಿನ ಸೂಕ್ಷ್ಮಜೀವಿ ಕೊಲ್ಲುವ ಯುವಿ (ಅತಿನೇರಳೆ) ದೀಪಕ್ಕೆ ಸಿಕ್ಕಿಬೀಳುತ್ತದೆ. ಮರಳಿನಲ್ಲೇ ಓಡಾಡುವ ಇನ್ನೊಂದು ಡೈನೊ, ಆಂಫಿಡಿನಿಯಂ, ಆಗಿದ್ದರೆ ಯುವಿಗೆ ಹಾಕಿದ ದುಡ್ಡು ದಂಡ. ಅದಕ್ಕೆ ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸಿ ಜಾಗ ಕಿತ್ತುಕೊಳ್ಳಬೇಕು. ಆಸ್ಟ್ರಿಯಾಪ್ಸಿಸ್ ಪಾಲಿಟಾಕ್ಸಿನ್ ತರಹದ ವಿಷ ತಯಾರಿಸುತ್ತದೆ. ಕೆಲವು ಜೊಆಂಥಿಡ್‌ಗಳಲ್ಲೂ ಪಾಲಿಟಾಕ್ಸಿನ್ ಇರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಕಲ್ಲು ಉಜ್ಜಬೇಡಿ. ಜೊಆಂಥಿಡ್ ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದಂತೂ ಯಾವ ಕಾರಣಕ್ಕೂ ಬೇಡ. ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಡೈನೊ ಏಕೆ ಬಂತು? ನೈಟ್ರೇಟ್ ಫಾಸ್ಫೇಟ್ ಎರಡೂ ಬರಿದಾದಾಗ ಪಾಚಿ, ಡಯಾಟಮ್, ಬ್ಯಾಕ್ಟೀರಿಯಾ ಎಲ್ಲವೂ ಸೊರಗುತ್ತವೆ. ಡೈನೊಗಳಲ್ಲಿ ಹಲವು ಬೆಳಕಿನಿಂದಲೂ ಬದುಕುತ್ತವೆ, ಬೇರೆ ಜೀವಿಗಳನ್ನು ತಿಂದೂ ಬದುಕುತ್ತವೆ. ಬರಗಾಲದಲ್ಲಿ ಉಳಿಯುವುದು ಅವೇ.

ಮಾಡಿದ್ದು ಹೀಗೆ. ಜಿಎಫ್‌ಒ ತೆಗೆದೆವು. ಕೀಟೊ ದೀಪ ಆರಿಸಿದೆವು. ಸ್ಕಿಮ್ಮರ್ ದಿನಕ್ಕೆ 12 ಗಂಟೆ ಮಾತ್ರ. 25 ವಾಟಿನ ಯುವಿಯನ್ನು ಸಂಪಿಗಲ್ಲ, ಮೇಲಿನ ಟ್ಯಾಂಕಿಗೇ ಜೋಡಿಸಿ ಗಂಟೆಗೆ 400 ಲೀಟರ್ ಹರಿಸಿದೆವು. ಮೊದಲ ಮೂರು ದಿನ ಟ್ಯಾಂಕಿನ ದೀಪ ಪೂರ್ತಿ ಬಂದ್. ವಿಷ ಹೀರಲು ಆಕ್ಟಿವೇಟೆಡ್ ಕಾರ್ಬನ್ ಇಟ್ಟು ವಾರಕ್ಕೊಮ್ಮೆ ಬದಲಿಸಿದೆವು.

ಮುಖ್ಯವಾದದ್ದು ಗೊಬ್ಬರ ಹಾಕಿದ್ದು. ಗೊಬ್ಬರ ಎಂದದ್ದು ಮಾತಿಗಲ್ಲ. ಊರಿನಲ್ಲಿ ಡ್ರಿಪ್‌ಗೆ ಬಿಡುವ 13:0:45 ಅಂದರೆ ಪೊಟ್ಯಾಸಿಯಂ ನೈಟ್ರೇಟ್, 0:52:34 ಅಂದರೆ ಮೋನೊ ಪೊಟ್ಯಾಸಿಯಂ ಫಾಸ್ಫೇಟ್. ಟ್ಯಾಂಕಿಗೆ ಹಾಕಿದ್ದೂ ಅದೇ ಎರಡು, ಪ್ರಯೋಗಾಲಯದ ಶುದ್ಧತೆಯದು ಅಷ್ಟೇ. 32.6 ಗ್ರಾಂ ಪೊಟ್ಯಾಸಿಯಂ ನೈಟ್ರೇಟನ್ನು ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ, ಅದರ 10 ಮಿಲೀ 200 ಲೀಟರಿನ ನೈಟ್ರೇಟನ್ನು 1 ಪಿಪಿಎಂ ಏರಿಸುತ್ತದೆ. 1.43 ಗ್ರಾಂ ಮೋನೊ ಪೊಟ್ಯಾಸಿಯಂ ಫಾಸ್ಫೇಟಿನಿಂದ ಒಂದು ಲೀಟರ್ ಮಾಡಿದರೆ, ಅದರ 2 ಮಿಲೀ ಫಾಸ್ಫೇಟನ್ನು 0.01 ಏರಿಸುತ್ತದೆ. ಬಾಟಲಿಯ ಮೇಲೆ ಹೆಸರು, ತಾರೀಖು, ಪ್ರಮಾಣ ದೊಡ್ಡದಾಗಿ ಬರೆಯಿರಿ. ಎರಡೂ ತಿಳಿನೀರಿನಂತೆಯೇ ಕಾಣುತ್ತವೆ.

ನೈಟ್ರೇಟ್ ದಿನಕ್ಕೆ 1 ಪಿಪಿಎಂನಂತೆ ಹಾಕಿದಾಗ ವಾರದಲ್ಲಿ 5ಕ್ಕೆ ಬಂದು ನಿಂತಿತು. ಫಾಸ್ಫೇಟ್ ನಿಲ್ಲಲೇ ಇಲ್ಲ. ಸಂಜೆ 0.05 ಆಗುವಷ್ಟು ಹಾಕಿದರೆ ಬೆಳಿಗ್ಗೆ 0.01. ಮತ್ತೆ ಹಾಕಿದರೆ ಮತ್ತೆ ಮಾಯ. ಕಲ್ಲು ಕುಡಿಯುತ್ತಿತ್ತು. ಈ ಹಂತದಲ್ಲಿ ಬಹಳ ಜನ ಕೈಬಿಡುತ್ತಾರೆ. ನಾವು ದಿನಾ ಅಳೆದು, ಬೇಕಾದಷ್ಟೇ ಹಾಕುತ್ತಾ ಹೋದೆವು. ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಮೊದಲ ಸಲ 0.04 ಉಳಿದಿತ್ತು. ಅಳತೆಗೆ ಬಣ್ಣ ಹೋಲಿಸುವ ಕಿಟ್ ಸಾಲದು. ಹನ್ನಾ ಕಂಪನಿಯ ರಂಜಕ ಚೆಕರ್ ಎಂಬ ಸಣ್ಣ ಮಾಪಕ ರಂಜಕವನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದಲ್ಲೊಂದು) ತೋರಿಸುತ್ತದೆ, ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. ಗಾಜಿನ ಸೀಸೆಯ ಮೇಲೆ ಬೆರಳಚ್ಚು ಇದ್ದರೂ ಅಂಕಿ ಹಾರುತ್ತದೆ. ಮೃದು ಬಟ್ಟೆಯಲ್ಲಿ ಒರೆಸಿ, ಎರಡು ಸಲವೂ ಒಂದೇ ಕಡೆ ಮುಖಮಾಡಿ ಇಡಿ.

ಹೀಗೆ ಶುರುಮಾಡಿದ ಐದನೆಯ ವಾರ ಲೋಳೆ ತೆಳುವಾಗಿ, ಅದರ ಜಾಗದಲ್ಲಿ ಗಾಜಿನ ಮೇಲೆ ಹಸಿರು ಧೂಳಿನಂಥ ಪಾಚಿ ಬಂತು. ಅಷ್ಟು ಸಂತೋಷ ಕೊಟ್ಟ ಪಾಚಿ ಬೇರೆ ಇಲ್ಲ.

ಆಮೇಲೆ ಇನ್ನೊಂದು ತುದಿಗೆ ಹೋಯಿತು. ಮೀನು ಐದಾದವು, ಆಹಾರ ಹೆಚ್ಚಿತು, ಕುಡಿದು ತಣಿದ ಕಲ್ಲು ಈಗ ಫಾಸ್ಫೇಟನ್ನು ಹಿಂದಕ್ಕೆ ಬಿಡುತ್ತಿತ್ತು. ಒಂಬತ್ತನೆಯ ತಿಂಗಳು ಫಾಸ್ಫೇಟ್ 0.25, ಕಲ್ಲಿನ ಮೇಲೆ ಕೂದಲು ಪಾಚಿ. ಪ್ಯಾಕೆಟ್ ಮೇಲೆ ಬರೆದ ಪೂರ್ತಿ ಪ್ರಮಾಣದ ಜಿಎಫ್‌ಒ ಹಾಕಿದ್ದು ತಪ್ಪು. ಮೂರು ದಿನದಲ್ಲಿ 0.25ರಿಂದ 0.02ಕ್ಕೆ ಇಳಿಯಿತು. ನಾಲ್ಕನೆಯ ದಿನ ಒಂದು ಅಕ್ರೊಪೊರಾ ಹವಳ ಬುಡದಿಂದ ಚರ್ಮ ಬಿಡತೊಡಗಿ ಬಿಳಿ ಎಲುಬು ಕಂಡಿತು. ಚರ್ಮ ಉಳಿದಿದ್ದ ಭಾಗವನ್ನು ಒಂದು ಸೆಂಟಿಮೀಟರ್ ಮೇಲಕ್ಕೆ ಕತ್ತರಿಸಿ ಬೇರೆ ಕಲ್ಲಿಗೆ ಅಂಟಿಸಿದ್ದರಿಂದ ಎರಡು ತುಂಡು ಬದುಕಿದವು. 0.25 ಹವಳವನ್ನು ಕೊಂದಿರಲಿಲ್ಲ, ಇಳಿದ ವೇಗ ಕೊಂದಿತು. ಈಗ ಜಿಎಫ್‌ಒ ಹಾಕಿದರೆ ಹೇಳಿದ ಪ್ರಮಾಣದ ಕಾಲು ಭಾಗ, ವಾರಕ್ಕೆ 0.03ಕ್ಕಿಂತ ಹೆಚ್ಚು ಇಳಿಯಲು ಬಿಡುವುದಿಲ್ಲ.

ಕೀಟೊ ಒಂದೇ ಎರಡನ್ನೂ ಸಮವಾಗಿ ಇಳಿಸುತ್ತದೆ ಎಂದುಕೊಳ್ಳುವುದೂ ತಪ್ಪು. ಸಮುದ್ರದ ದೊಡ್ಡ ಪಾಚಿಗಳ ಮೈಯಲ್ಲಿ ಸಾರಜನಕ ರಂಜಕಕ್ಕಿಂತ ಸುಮಾರು 30 ಪಟ್ಟು, ಅಂದರೆ ಪ್ಲಾಂಕ್ಟನ್‌ಗಿಂತ ಹೆಚ್ಚುಕಡಿಮೆ ಇಮ್ಮಡಿ. ಹಾಗಾಗಿ ಅದು ನೈಟ್ರೇಟನ್ನು ಮೊದಲು ಮುಗಿಸಿ, ಫಾಸ್ಫೇಟ್ ಉಳಿದಿದ್ದರೂ ಬೆಳೆಯುವುದನ್ನು ನಿಲ್ಲಿಸುತ್ತದೆ. ವಿನಿಗರ್ ಹಾಕಿ ಬ್ಯಾಕ್ಟೀರಿಯಾ ಬೆಳೆಸುವವರಿಗೂ ಇದೇ ಗೋಡೆ ಎದುರಾಗುತ್ತದೆ. ಹತ್ತನೆಯ ತಿಂಗಳು ನೈಟ್ರೇಟ್ 0.5, ಫಾಸ್ಫೇಟ್ 0.16 ಇದ್ದಾಗ ಜಿಎಫ್‌ಒ ಮುಟ್ಟಲಿಲ್ಲ. ದಿನಕ್ಕೆ 1 ಪಿಪಿಎಂ ನೈಟ್ರೇಟ್ ಹಾಕಿದೆವು. ಪಾಚಿ ಮತ್ತೆ ಚಿಗುರಿತು, ಒಂದೂವರೆ ತಿಂಗಳಲ್ಲಿ ಫಾಸ್ಫೇಟ್ ತಾನಾಗಿ 0.08ಕ್ಕೆ ಬಂತು. ಒಂದನ್ನು ಇಳಿಸಲು ಇನ್ನೊಂದನ್ನು ಹಾಕುವುದು ಕೇಳಲು ವಿಚಿತ್ರ, ಮೇಲಿನ ಜಮಾ-ಖರ್ಚು ನೋಡಿದರೆ ಸಹಜ.

ಇಷ್ಟೆಲ್ಲ ಅಳೆದರೂ ಟ್ಯಾಂಕಿನ ನಾಡಿ ಸಿಗುವುದು ಆಲ್ಕಲಿನಿಟಿಯಲ್ಲಿ, ಅಂದರೆ ನೀರು ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯಲ್ಲಿ. ಅದನ್ನು ಅಳೆಯುವ ಮಾನ ಡಿಕೆಎಚ್. ಹವಳ ಎಲುಬು ಕಟ್ಟುವಾಗ 2.8 ಡಿಕೆಎಚ್ ಆಲ್ಕಲಿನಿಟಿಗೆ 20 ಪಿಪಿಎಂ ಕ್ಯಾಲ್ಸಿಯಂ ಬಳಸುತ್ತದೆ. ನಮ್ಮಲ್ಲಿ ಆಲ್ಕಲಿನಿಟಿ 8, ಕ್ಯಾಲ್ಸಿಯಂ 420, ಮೆಗ್ನೀಸಿಯಂ 1350. ದಿನದ ಬಳಕೆ 1.1 ಡಿಕೆಎಚ್. ಅಕ್ರೊಪೊರಾ ಸಾಯುವ ಎರಡು ದಿನ ಮುಂಚೆಯೇ ಈ ಬಳಕೆ 0.6ಕ್ಕೆ ಬಿದ್ದಿತ್ತು. ಕಣ್ಣಿಗೆ ಏನೂ ಕಾಣದಿದ್ದಾಗ ಈ ಅಂಕಿ ಹೇಳುತ್ತದೆ. ಬಳಕೆ ಬಿದ್ದಾಗ ಡೋಸಿಂಗ್ ಪಂಪ್ ಹಳೆಯ ಲೆಕ್ಕದಲ್ಲೇ ಸುರಿಯುತ್ತಿದ್ದರೆ ಆಲ್ಕಲಿನಿಟಿ 10, 11ಕ್ಕೆ ಏರಿ, ಹಸಿದ ಹವಳದ ತುದಿಗಳು ಸುಟ್ಟಂತೆ ಬಿಳಿಯಾಗುತ್ತವೆ. ತುರ್ತಿಗೆ ಏರಿಸಬೇಕಾದರೆ 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ 1 ಡಿಕೆಎಚ್ ಕೊಡುತ್ತದೆ.

ದಿನದ ಬಳಕೆಯನ್ನು ತುಂಬಲು ಸುಣ್ಣದ ತಿಳಿ ಸಾಕು. ಎಲೆಗೆ ಹಚ್ಚುವ ಸುಣ್ಣವೂ ಇದೂ ಒಂದೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಇಲ್ಲಿ ಉಪ್ಪಿನಕಾಯಿಗೆಂದು ಮಾರುವ ಆಹಾರ ದರ್ಜೆಯ ಪುಡಿ ಬಳಸಿದೆವು. ಲೀಟರಿಗೆ 1.5 ಗ್ರಾಂ ಕಲಕಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ಮಾತ್ರ. ಆವಿಯಾಗುವ ನೀರಿನ ಬದಲು ದಿನಕ್ಕೆ 2 ಲೀಟರ್ ಹನಿಸಿದರೆ 200 ಲೀಟರಿಗೆ ಸರಿಸುಮಾರು 1.1 ಡಿಕೆಎಚ್, ಅದಕ್ಕೆ ತಕ್ಕ ಕ್ಯಾಲ್ಸಿಯಂ ಸಮೇತ. ಇದರ ಪಿಎಚ್ 12ರ ಮೇಲೆ. ಫ್ಲೋಟ್ ಸ್ವಿಚ್ ಸಿಕ್ಕಿಕೊಂಡು ಎಲ್ಲ ಒಮ್ಮೆಲೇ ಸುರಿದರೆ ಟ್ಯಾಂಕ್ ಹಾಲಿನಂತಾಗಿ ಎಲ್ಲವೂ ಸಾಯುತ್ತದೆ. ಎರಡು ಫ್ಲೋಟ್ ಸ್ವಿಚ್ ಸರಣಿಯಲ್ಲಿ ಇಡಿ, ಡಬ್ಬಿಯಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚಿನ ತಿಳಿ ಇಡಬೇಡಿ. ಚಳಿಗಾಲದಲ್ಲಿ ಇಲ್ಲಿ ಕಿಟಕಿ ಮುಚ್ಚಿಯೇ ಇರುವುದರಿಂದ ಮನೆಯ ಇಂಗಾಲದ ಡೈಆಕ್ಸೈಡ್ ಏರಿ ಟ್ಯಾಂಕಿನ ಪಿಎಚ್ ಬೆಳಗಿನ ಜಾವ 7.75ಕ್ಕೆ ಇಳಿಯುತ್ತಿತ್ತು. ಸುಣ್ಣದ ತಿಳಿಯನ್ನು ರಾತ್ರಿ ಹನಿಸಿ, ಸ್ಕಿಮ್ಮರಿನ ಗಾಳಿ ಕೊಳವೆಯನ್ನು ಕಿಟಕಿಯಿಂದ ಆಚೆ ಹಾಕಿದ ಮೇಲೆ 8.0ರ ಕೆಳಗೆ ಇಳಿದಿಲ್ಲ.

ಈಗ ಹದಿನಾಲ್ಕನೆಯ ತಿಂಗಳು. ನೈಟ್ರೇಟ್ 6, ಫಾಸ್ಫೇಟ್ 0.07. ನೈಟ್ರೇಟ್ ಬಾಟಲಿ ಎರಡು ತಿಂಗಳಿಂದ ಮುಟ್ಟಿಲ್ಲ. ಬೇಕೆನಿಸಿದಾಗ ಆಹಾರ ಹೆಚ್ಚಿಸುತ್ತೇವೆ, ಏಕೆಂದರೆ ಮೀನಿನ ಮೂಲಕ ಬರುವ ಅಮೋನಿಯಾ ಹವಳಕ್ಕೆ ನೈಟ್ರೇಟ್‌ಗಿಂತ ಸುಲಭವಾಗಿ ದಕ್ಕುತ್ತದೆ. ಭಾನುವಾರ ಕೀಟೊ ಹೊರತೆಗೆದು, ಹಿಂಡಿ, ತೂಗಿ, ಅರ್ಧ ವಾಪಸ್ ಹಾಕುತ್ತೇವೆ. ಕಳೆದ ಭಾನುವಾರ 140 ಗ್ರಾಂ ಹೊರಗೆ ಹೋಯಿತು. ತೂಕ 80ಕ್ಕಿಂತ ಕೆಳಗೆ ಬಂದರೆ ಅದೇ ಸಂಜೆ ನೈಟ್ರೇಟ್ ಅಳೆಯುತ್ತೇವೆ. ಕತ್ತರಿಸಿ ಅಂಟಿಸಿದ ಎರಡು ಅಕ್ರೊಪೊರಾ ತುಂಡುಗಳಲ್ಲಿ ಒಂದು ಬುಡದಲ್ಲಿ ಹರಡಿ ಅಂಟು ಮುಚ್ಚಿಕೊಂಡಿದೆ, ಅಂಚಿನಲ್ಲಿ ಎರಡು ಮಿಲಿಮೀಟರ್ ಅಗಲದ ಬೆಳ್ಳಗಿನ ಹೊಸ ಬೆಳವಣಿಗೆ ಕಾಣುತ್ತಿದೆ.